ಅಮ್ಮನ ನೋಟ್‌ಬುಕ್ಕಿನ ಖಾರ ಬಿಸ್ಕತ್ತು: ಆ “ಒಂದು ಸೇರು” ಎಷ್ಟು? ಅನುಭವ ಇದ್ದವರು ತಿಳಿಸಿ

ವಿದ್ಯಾನಗರದ ಮಗಳು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬರುವ ಕಾರ್ತಿಕ ಮಾಸಕ್ಕೆ ನಮ್ಮ ತಾಯಿ ಲಿಂಗೈಕ್ಯರಾಗಿ ಒಂದು ವರ್ಷ ತುಂಬುತ್ತದೆ. 1959ರಲ್ಲಿ ಮದುವೆಯಾಗಿ ದಾವಣಗೆರೆಗೆ ಬಂದ ಹೊಸತರಲ್ಲಿ ಅವರು ಬರೆದಿಟ್ಟುಕೊಂಡ ಅಡುಗೆಯ ನೋಟ್‌ಬುಕ್ ನನ್ನ ಪಾಲಿಗೆ ಬಂದಿದೆ. ಅದನ್ನು ಟೈಪ್ ಮಾಡಿಸಿ, ಮೂವತ್ತು ಪ್ರತಿ ಮಾಡಿಸಿ, ಪುಣ್ಯಸ್ಮರಣೆಯ ದಿನ ಮನೆಯವರಿಗೆಲ್ಲ ಕೊಡಬೇಕೆಂದಿದ್ದೇನೆ. ಜೊತೆಗೆ ಅದರಲ್ಲಿರುವ ಖಾರ ಬಿಸ್ಕತ್ತನ್ನು ನಾನೇ ಮಾಡಿ ಹಂಚಬೇಕೆಂಬ ಆಸೆಯೂ ಇದೆ. ಆ ಪುಟದಲ್ಲಿ ಇರುವುದು ಇಷ್ಟೇ: “ಮೈದಾ 1 ಸೇರು. ಬೆಣ್ಣೆ 1 ಸೇರು. ಹಸಿಮೆಣಸಿನಕಾಯಿ 12, ಕರಿಬೇವು, ಕೊತ್ತಂಬರಿ, ಶುಂಠಿ, ಜೀರಿಗೆ. ಮೊಸರು ಕಲಸುವಷ್ಟು. ಸೋಡ. ಸಕ್ಕರೆ ಸ್ವಲ್ಪ. ಭಟ್ಟಿಗೆ ಕಳಿಸುವುದು.”

ಸೇರು ಎಂದರೆ ಇಲ್ಲಿ ಎಷ್ಟು ಗ್ರಾಂ ಎಂದು ಹಿಡಿಯಬೇಕು? ಸೋಡಾ ಸಾಕೇ, ಬಿಸ್ಕತ್ತು ಉಬ್ಬಲು ಬೇಕರಿಯವರು ಹಾಕುವ ಅಮೋನಿಯಾ ಪುಡಿ ಬೇಕೇ? ಓವನ್ ಕೊಳ್ಳಬೇಕೇ, ಅಥವಾ ಅಮ್ಮ ಮಾಡುತ್ತಿದ್ದಂತೆ ತಟ್ಟೆಗಳನ್ನು ಬೇಕರಿಗೆ ಕಳಿಸಬೇಕೇ? ಮಾಡಿ ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ನಿವೃತ್ತ ಶಿಕ್ಷಕಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ನನ್ನ ಅನುಭವವನ್ನು ಲೆಕ್ಕಸಮೇತ ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಲಿಲ್ಲ. ನಮ್ಮ ಅತ್ತೆಯ ಪುಸ್ತಕದಲ್ಲಿಯೂ ಹೀಗೆಯೇ ಹಿಟ್ಟು ಒಂದು ಸೇರು, ಬೆಣ್ಣೆ ಒಂದು ಸೇರು ಎಂದಿತ್ತು. 2019ರಲ್ಲಿ 8,400 ರೂಪಾಯಿ ಕೊಟ್ಟು 28 ಲೀಟರಿನ ಓವನ್ ತಂದೆ. ಸೇರಿಗೆ ಸೇರು ಸಮ ಎಂದು ನಂಬಿ ಅರ್ಧ ಕೆಜಿ ಮೈದಾಗೆ ಅರ್ಧ ಕೆಜಿ ಬೆಣ್ಣೆ ಹಾಕಿದೆ. ಹತ್ತನೇ ನಿಮಿಷಕ್ಕೆ ಬಿಸ್ಕತ್ತುಗಳೆಲ್ಲ ಒಂದಕ್ಕೊಂದು ಹರಿದು ಕೂಡಿಕೊಂಡವು, ಬೆಣ್ಣೆ ತಟ್ಟೆಯ ಅಂಚು ದಾಟಿ ಕೆಳಗಿನ ಕಾಯಿಲ್ ಮೇಲೆ ಬಿದ್ದು ಅಡುಗೆಮನೆ ತುಂಬ ಹೊಗೆಯಾಯಿತು. ಎರಡನೆಯ ಬಾರಿ ಮನೆಯಲ್ಲಿ ಕಡೆದ ಬೆಣ್ಣೆ ಹಾಕಿದೆ. ಅದರೊಳಗೆ ಮಜ್ಜಿಗೆಯ ನೀರು ಉಳಿದಿರುತ್ತದೆ ಎಂಬುದು ಹೊಳೆಯಲಿಲ್ಲ, ಬಿಸ್ಕತ್ತು ಚಕ್ಕುಲಿಗಿಂತ ಗಟ್ಟಿಯಾಯಿತು. ಅಂಗಡಿಯ ಟೇಬಲ್ ಬಟರ್‌ನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಬ್ಬು ಇರಲೇಬೇಕೆಂಬ ನಿಯಮವಿದೆ. ಮನೆಯ ಬೆಣ್ಣೆಯಲ್ಲಿ ಎಷ್ಟಿದೆ ಎಂದು ಹಿಂಡಿದ ಕೈಗೆ ಮಾತ್ರ ಗೊತ್ತು. ಮೂರನೆಯ ಬಾರಿ ಎಲ್ಲವೂ ಸರಿಯಿದ್ದರೂ ತಳ ಸುಟ್ಟಿತು. ಓವನ್ನಿನೊಳಗೆ ಇಡುವ ಉಷ್ಣಮಾಪಕವನ್ನು 550 ರೂಪಾಯಿಗೆ ತರಿಸಿ ನೋಡಿದರೆ, ಗುಂಡಿ 180 ಎನ್ನುವಾಗ ಒಳಗೆ 212 ಇತ್ತು. ಥರ್ಮೋಸ್ಟಾಟ್ ಬದಲಿಸಲು 1,250, ರಿಪೇರಿಯವನಿಗೆ 300, ಡಿಜಿಟಲ್ ತಕ್ಕಡಿಗೆ 650, ಆರು ಬಾರಿಗೆ ಸುರಿದ ಬೆಣ್ಣೆಗೆ 1,058. ಓವನ್ನಿನ ಬೆಲೆಯೂ ಸೇರಿ ಒಟ್ಟು 12,208 ರೂಪಾಯಿ. ಚೀಟಿಗಳೆಲ್ಲ ಇಂದಿಗೂ ನನ್ನ ಹತ್ತಿರ ಇವೆ.

ಆರನೆಯ ಬಾರಿಗೆ ನಿಂತ ಲೆಕ್ಕ ಇದು: ಮೈದಾ 250 ಗ್ರಾಂ, ಬೆಣ್ಣೆ 120, ಸಕ್ಕರೆ 30, ಉಪ್ಪು 5, ಮೊಸರು 40, ಸೋಡಾ ಕಾಲು ಚಮಚ, 170 ಡಿಗ್ರಿಯಲ್ಲಿ 20 ನಿಮಿಷ, ನಡುವೆ ಒಮ್ಮೆ ತಟ್ಟೆ ತಿರುಗಿಸಬೇಕು. ಪುಸ್ತಕದಲ್ಲಿ ಗ್ರಾಂ ಮಾತ್ರ ಬರೆಯಿರಿ. ಸೇರು, ಪಾವು, ಚಟಾಕು ಎಂದು ಬರೆದು ಮುಂದಿನವರನ್ನು ನನ್ನಂತೆ ನರಳಿಸಬೇಡಿ.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ಮೇಡಂ ಹನ್ನೆರಡು ಸಾವಿರ ಸುರಿದು ಕಲಿತದ್ದನ್ನು ಯಾವ ಬೇಕರಿಯ ಹುಡುಗನಾದರೂ ಒಂದು ಟೀ ಕುಡಿಯುವಷ್ಟರಲ್ಲಿ ಹೇಳಿಕೊಡುತ್ತಿದ್ದ. ನಾನು ಹದಿನಾಲ್ಕನೇ ವಯಸ್ಸಿಗೆ ಸೌದೆ ಭಟ್ಟಿಯ ಮುಂದೆ ನಿಂತವನು. ಬೆಳಗಿನ ಜಾವ ಮೂರಕ್ಕೆ ಸೌದೆ ಹಾಕಿ, ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿದ ಮೇಲೆ ಮೊದಲ ಬಿಸಿಗೆ ಬ್ರೆಡ್ಡು ಹೋಗುತ್ತದೆ. ಬಿಸಿ ಇಳಿದಂತೆ ಬನ್ನು, ಆಮೇಲೆ ಕೇಕು, ಅದಕ್ಕೂ ಇಳಿದ ಮೇಲೆ ಬೆಣ್ಣೆ ಬಿಸ್ಕತ್ತು ಮತ್ತು ಖಾರ, ಕಡೆಗೆ ರಾತ್ರಿಯಿಡೀ ಒಣಗಲು ರಸ್ಕು. ಖಾರ ಬಿಸ್ಕತ್ತು ಯಾವತ್ತೂ ಇಳಿಬಿಸಿಯ ಪದಾರ್ಥ. ಒಂದು ಚಿಟಿಕೆ ಮೈದಾವನ್ನು ಭಟ್ಟಿಯ ನೆಲದ ಮೇಲೆ ಎರಚಬೇಕು. ಕೂಡಲೇ ಕಪ್ಪಾದರೆ ಅದು ಬ್ರೆಡ್ಡಿನ ಬಿಸಿ. ನಿಧಾನವಾಗಿ ಗೋಧಿಯ ಬಣ್ಣಕ್ಕೆ ತಿರುಗಿದರೆ ಆಗ ಬಿಸ್ಕತ್ತಿನ ತಟ್ಟೆ ಒಳಗೆ ಹೋಗಬೇಕು. ನಿಮ್ಮ ತಾಯಿ “ಭಟ್ಟಿಗೆ ಕಳಿಸುವುದು” ಎಂದಷ್ಟೇ ಬರೆದದ್ದು ಮರೆವಿನಿಂದ ಅಲ್ಲ ತಾಯಿ. ಮುಂದಿನದ್ದು ನಮ್ಮಂಥವರ ಕೆಲಸ ಎಂದು ಅವರಿಗೆ ಗೊತ್ತಿತ್ತು. ಕಾರ್ತಿಕ, ಮಾರ್ಗಶಿರದಲ್ಲಿ ಪೇಟೆಯ ಮನೆಗಳಿಂದ ಬಂದ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಯಾರದ್ದು ಯಾವುದು ಎಂದು ತಪ್ಪದಂತೆ ಅಂಚಿಗೆ ಸುಣ್ಣದ ಗುರುತು ಹಾಕಿ ಬೇಯಿಸಿಕೊಟ್ಟವನು ನಾನು.

ಅಮೋನಿಯಾ ಹಾಕಲೇಬೇಕು. ಕೆಜಿ ಹಿಟ್ಟಿಗೆ ಹತ್ತು ಗ್ರಾಂ, ನೀರಿನಲ್ಲಿ ಕರಗಿಸಿ. ಸೋಡಾ ಹಾಕಿದ ಬಿಸ್ಕತ್ತು ಅಗಲಕ್ಕೆ ಹರಿಯುತ್ತದೆ, ಅಮೋನಿಯಾ ಹಾಕಿದ್ದು ಮೇಲಕ್ಕೆ ಏಳುತ್ತದೆ. ಕಚ್ಚಿದರೆ ಪುಡಿಯಾಗುವ ಆ ಹಗುರು ಸೋಡಾದಿಂದ ಬರುವುದಿಲ್ಲ. 2014ರಲ್ಲಿ ಯಜಮಾನರು ಸೌದೆ ಭಟ್ಟಿ ಒಡೆಸಿ ಕರೆಂಟಿನ ಓವನ್ ತಂದರು. ಗುಂಡಿ ತಿರುಗಿಸುವುದಕ್ಕೆ ನಾನು ಬೇಕಾಗಿರಲಿಲ್ಲ. ಮನೆಯಲ್ಲಿ ಓವನ್ ಕೊಂಡು ಕೈಕೆಡಿಸಿಕೊಳ್ಳುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಸಿರಿಧಾನ್ಯದ ಮನೆ, ಹೊಸದುರ್ಗ

ಅಮೋನಿಯಾ ಹಾಕಲೇಬೇಕು ಎಂದು ಇಷ್ಟು ಧೈರ್ಯವಾಗಿ ಬರೆದವರ ಮಾತು ಕೇಳಿಯೇ ನಾನು ಹಾಳಾದೆ. ನಾಲ್ಕು ವರ್ಷದ ಹಿಂದೆ ನವಣೆ ಮತ್ತು ರಾಗಿಯಲ್ಲಿ ಖಾರ ಬಿಸ್ಕತ್ತು ಮಾಡಿ ಮಾರಲು ಹೊರಟೆ. ನವಣೆ ಹಿಟ್ಟಿನಲ್ಲಿ ಮೈದಾದ ಜಿಗುಟು ಇಲ್ಲ, ಲಟ್ಟಿಸಿದರೆ ಒಡೆಯುತ್ತದೆ. ಆದ್ದರಿಂದ ದಪ್ಪವಾಗಿ, ಅರ್ಧ ಇಂಚಿಗೂ ಮೀರಿ ತಟ್ಟಿದೆ. ಒಬ್ಬ ಬೇಕರಿಯವರು ಹೇಳಿದರೆಂದು ಅಮೋನಿಯಾ ಹಾಕಿದೆ. ಓವನ್ ಬಾಗಿಲು ತೆಗೆದ ಕೂಡಲೇ ಕಣ್ಣು ಉರಿದು ನೀರು ಸುರಿಯಿತು. ತಣ್ಣಗಾದ ಮೇಲೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಮದುವೆಮನೆಗೆ ಕೊಟ್ಟ 14 ಕೆಜಿ ಬಿಸ್ಕತ್ತು ಮರುದಿನವೇ ವಾಪಸ್ ಬಂತು. ಮುರಿದು ಮೂಸಿದರೆ ಮೂತ್ರದ ವಾಸನೆ ಬರುತ್ತದೆ ಎಂದು ಹುಡುಗಿಯ ತಂದೆ ಹತ್ತು ಜನರೆದುರು ಹೇಳಿದರು. ಬೆಣ್ಣೆ, ಹಿಟ್ಟು, ಡಬ್ಬಿ, ಲೇಬಲ್ಲು, ಬಸ್ ಚಾರ್ಜು ಎಲ್ಲ ಸೇರಿ 9,300 ರೂಪಾಯಿ ಹೋಯಿತು. ಊರಿನಲ್ಲಿ ಆದ ಮರ್ಯಾದೆಯ ನಷ್ಟಕ್ಕೆ ಲೆಕ್ಕವೇ ಇಲ್ಲ. ಅಕ್ಕ, ದೇವರ ಮುಂದಿಡುವ ಪದಾರ್ಥಕ್ಕೆ ಅದನ್ನು ಮುಟ್ಟಿಸಬೇಡಿ. ಮೊಸರಿನ ಹುಳಿ ಇದ್ದರೆ ಸೋಡಾ ಧಾರಾಳವಾಗಿ ಸಾಕು.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ಅರ್ಧ ಇಂಚಿಗೂ ಮೀರಿ ದಪ್ಪ ತಟ್ಟಿ ಅಮೋನಿಯಾ ಹಾಕಿದ್ದು ನಿಮ್ಮ ತಪ್ಪು, ಪದಾರ್ಥದ್ದಲ್ಲ. ತೆಳ್ಳಗಿನ, ಒಳಗೆ ತೇವ ಉಳಿಯದ ಬಿಸ್ಕತ್ತಿಗೆ ಮಾತ್ರ ಅದು. ಕೇಕಿಗೆ, ಬನ್ನಿಗೆ ನಾವು ಯಾವತ್ತೂ ಹಾಕಿದವರಲ್ಲ. ಕೆಲಸ ಕಲಿಯದೆ ಮಾರಾಟಕ್ಕೆ ಇಳಿದು ಬೇಕರಿಯವರ ಮೇಲೆ ಗೂಬೆ ಕೂರಿಸಬೇಡಿ.

ಸಿರಿಧಾನ್ಯದ ಮನೆ, ಹೊಸದುರ್ಗ

ನಿಮ್ಮ ಮೊದಲ ಉತ್ತರದಲ್ಲಿ ದಪ್ಪದ ಮಾತು ಎಲ್ಲಿತ್ತು? ಹಾಕಲೇಬೇಕು ಎಂದಿರಿ, ಎಷ್ಟು ತೆಳ್ಳಗೆ ಎಂದು ಹೇಳಲಿಲ್ಲ. ನನಗೆ ಹೇಳಿದವರೂ ಇಷ್ಟೇ ಹೇಳಿದ್ದರು. ಕೈಯಲ್ಲಿ ಕಲಿತವರು ಬಾಯಲ್ಲಿ ಹೇಳುವಾಗ ಅರ್ಧವನ್ನು ನುಂಗಿಬಿಡುತ್ತೀರಿ, ಕೇಳಿದವರು ಸೋತ ಮೇಲೆ ಅದು ನಿಮಗೆ ನೆನಪಾಗುತ್ತದೆ.

ಕನ್ನಡ ಉಪನ್ಯಾಸಕ, ಹಿರಿಯೂರು

ಅಮೋನಿಯಾದ ಜಗಳಕ್ಕೆ ಒಂದು ಮಾತು ಸೇರಿಸಿ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಪುಡಿ ಅಮೋನಿಯಂ ಬೈಕಾರ್ಬನೇಟ್. ಸುಮಾರು 60 ಡಿಗ್ರಿ ಬಿಸಿ ತಗಲುವಷ್ಟರಲ್ಲಿ ಅದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಒಡೆದು ಹೋಗುತ್ತದೆ. ಹೊರಗೆ ಹೋಗಲು ದಾರಿಯಿದ್ದರೆ ಬಿಸ್ಕತ್ತಿನಲ್ಲಿ ಏನೂ ಉಳಿಯುವುದಿಲ್ಲ, ತೇವವಿದ್ದರೆ ಅಮೋನಿಯಾ ಆ ತೇವದಲ್ಲಿ ಕರಗಿ ಕೂರುತ್ತದೆ. ಅಂದರೆ ಇಬ್ಬರೂ ಕಂಡದ್ದು ನಿಜ. ಯೂರೋಪಿನಲ್ಲಿ ಹಿಂದೆ ಇದನ್ನು ಜಿಂಕೆಯ ಕೊಂಬಿನಿಂದ ಬಟ್ಟಿ ಇಳಿಸಿ ತೆಗೆಯುತ್ತಿದ್ದರು. ಜರ್ಮನಿಯಲ್ಲಿ ಅದರ ಹೆಸರೇ ಜಿಂಕೆಕೊಂಬಿನ ಉಪ್ಪು, ಅಲ್ಲಿನ ಕ್ರಿಸ್‌ಮಸ್‌ನ ಮಸಾಲೆ ಬಿಸ್ಕತ್ತುಗಳಿಗೆ ಅದು ಬೇಕೇ ಬೇಕು. ಈಗಿನದು ಕಾರ್ಖಾನೆಯಲ್ಲಿ ತಯಾರಾಗುವುದು, ಮಡಿ ಮೈಲಿಗೆಯ ಅಂಜಿಕೆ ಬೇಡ.

ಇನ್ನು ಗ್ರಾಂ ಮಾತ್ರ ಬರೆಯಿರಿ ಎಂಬ ಮೇಡಂ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಾನು ಮಾಡಿ ಇಂದಿಗೂ ಅನುಭವಿಸುತ್ತಿದ್ದೇನೆ. 2016ರಲ್ಲಿ ನಮ್ಮ ಅಜ್ಜಿಯ ಅಡುಗೆಗಳನ್ನು ನೂರು ಪ್ರತಿ ಅಚ್ಚು ಹಾಕಿಸಿದೆ. 6,500 ರೂಪಾಯಿ ಆಯಿತು. “ಕೊತ್ತಂಬರಿ ಘಮ್ ಎಂದಾಗ ಇಳಿಸು” ಎಂದು ಅಜ್ಜಿ ಹೇಳಿದ್ದನ್ನು ನಾನು “ಐದು ನಿಮಿಷ ಹುರಿಯಿರಿ” ಎಂದು ತಿದ್ದಿದೆ. ಚಿಕ್ಕಮ್ಮ ಪುಸ್ತಕವನ್ನು ಎರಡು ಪುಟ ಓದಿ ನನ್ನ ಕೈಗೇ ಹಿಂದಿರುಗಿಸಿದರು. ಇದರಲ್ಲಿ ಅವ್ವ ಎಲ್ಲಿದ್ದಾಳೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಉಳಿದ ಅರವತ್ತೆರಡು ಪ್ರತಿ ಇಂದಿಗೂ ಅಟ್ಟದ ಮೇಲಿವೆ.

ಅಡುಗೆಯನ್ನು ಅಕ್ಷರಕ್ಕೆ ಇಳಿಸಿದವರು ಮೊದಲಿನಿಂದಲೂ ಬಲ್ಲವರಿಗೇ ಬರೆದಿದ್ದಾರೆ. ಇರಾಕಿನ ನೆಲದಿಂದ ಬಂದು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿರುವ, ಕ್ರಿ.ಪೂ. 1700ರ ಆಸುಪಾಸಿನ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲಿ ಸಾರುಗಳ ಪಾಕ ಇದೆ. ಏನೇನು ಹಾಕಬೇಕೆಂದು ಇದೆಯೇ ಹೊರತು ಎಷ್ಟೆಷ್ಟು ಎಂಬುದು ಬಹುಪಾಲು ಇಲ್ಲ. ನಮ್ಮ ಕನ್ನಡದಲ್ಲಿ 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯ ರಚಿಸಿದ ಲೋಕೋಪಕಾರದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಕ್ರಮ ಅಲ್ಲಿ ಬರುತ್ತದೆ. ಮೊಸರು, ಜೀರಿಗೆ, ಕೊತ್ತಂಬರಿ ಎಂಬ ನಿಮ್ಮ ತಾಯಿಯ ಸಾಲನ್ನು ಓದಿದಾಗ ನನಗೆ ನೆನಪಾದದ್ದು ಅದೇ. ಹಸಿಮೆಣಸಿನಕಾಯಿ ಮಾತ್ರ ಆಗ ಇರಲಿಲ್ಲ, ಅದು ಪೋರ್ಚುಗೀಸರು ಬಂದ ಮೇಲಿನ ಮಾತು. ಸುಮಾರು 500 ವರ್ಷದ ಹಿಂದೆ ಮೂರನೆಯ ಮಂಗರಸ ಸೂಪಶಾಸ್ತ್ರವೆಂಬ ಅಡುಗೆಯ ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಪದ್ಯದಲ್ಲಿ ಏಕೆ ಬರೆದ? ಬಾಯಿಪಾಠವಾಗಲಿ ಎಂದು. ಹದವನ್ನು ಹೇಳುವ ಮಾತು ಪಕ್ಕದಲ್ಲಿ ನಿಂತ ಅತ್ತೆಯಿಂದಲೋ ಅಡುಗೆಯವನಿಂದಲೋ ಬರಬೇಕು. ಆದ್ದರಿಂದ ನಿಮ್ಮ ತಾಯಿಯ ಪುಟದಲ್ಲಿ ಒಂದು ಅಕ್ಷರವನ್ನೂ ಮುಟ್ಟದೆ ಹಾಗೆಯೇ ಅಚ್ಚು ಹಾಕಿಸಿ.

ನಿವೃತ್ತ ಶಿಕ್ಷಕಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಸರ್, ಪಕ್ಕದಲ್ಲಿ ನಿಂತು ಹೇಳುವ ಅತ್ತೆ ಯಾರಿಗೆ ಉಳಿದಿದ್ದಾರೆ? ನಾನು ಮೂವತ್ತೊಂದು ವರ್ಷ ಶಾಲೆಗೆ ಹೋಗಿ ಬಂದವಳು. ಅತ್ತೆ ಒಲೆಯ ಮುಂದಿದ್ದಾಗ ನಾನು ತರಗತಿಯಲ್ಲಿದ್ದೆ. ನಾನು ಕೇಳಬೇಕೆಂದು ಕುಳಿತ ಹೊತ್ತಿಗೆ ಅವರಿಗೆ ನೆನಪು ಹೋಗಿತ್ತು. ಕೈಯಿಂದ ಕೈಗೆ ಬರುತ್ತದೆ ಎಂಬ ಮಾತು ಮನೆಯಲ್ಲೇ ಇದ್ದವರಿಗೆ ಸರಿ. ಹೊರಗೆ ದುಡಿಯಲು ಹೋದ ಹೆಂಗಸಿಗೆ ಕಾಗದ ಬಿಟ್ಟರೆ ಬೇರೆ ಗುರು ಇಲ್ಲ.

ಅಳತೆ ಬರೆದವರ ಇತಿಹಾಸವೂ ಇದೆ. ಇಂಗ್ಲೆಂಡಿನ ಎಲಿಜಾ ಆಕ್ಟನ್ 1845ರಲ್ಲಿ ತಮ್ಮ ಪುಸ್ತಕದ ಪಾಕಗಳ ಕೊನೆಗೆ ಸಾಮಾನುಗಳನ್ನೂ ತೂಕವನ್ನೂ ಹೊತ್ತನ್ನೂ ಬೇರೆಯಾಗಿ ಕೊಟ್ಟರು. ಅಮೆರಿಕದ ಫ್ಯಾನಿ ಫಾರ್ಮರ್ 1896ರಲ್ಲಿ ಚಮಚವನ್ನೂ ಬಟ್ಟಲನ್ನೂ ಚಾಕುವಿನಿಂದ ಸಮ ಮಾಡಿ ಅಳೆಯಬೇಕೆಂದು ಹಟ ಹಿಡಿದರು. ಇಬ್ಬರೂ ಹೆಂಗಸರು. ಅದಕ್ಕೂ ಮುಂಚೆ, 1796ರಲ್ಲಿ ಅಮೆರಿಕದಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸ್ ಅವರ ಪುಸ್ತಕದಲ್ಲಿ ಕುಕ್ಕಿಯ ಪಾಕವಿದೆ, ಅದನ್ನು ನಾನೇ ಮಾಡಿ ನೋಡಿದ್ದೇನೆ: ಎರಡೂವರೆ ಪೌಂಡು ಹಿಟ್ಟು, ಒಂದು ಪೌಂಡು ಸಕ್ಕರೆಯ ಪಾಕ, ನಾಲ್ಕು ಔನ್ಸ್ ಬೆಣ್ಣೆ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜದ ನುಣುಪು ಪುಡಿ. ಹೌದು, ನಮ್ಮ ಸಾರಿನ ಪುಡಿಯ ಕೊತ್ತಂಬರಿಯೇ. ಉಬ್ಬಲು ಸೋಡಾದ ಬದಲು ಬೂದಿಯಿಂದ ತೆಗೆದ ಕ್ಷಾರವನ್ನು ಹಾಲಿನಲ್ಲಿ ಕರಗಿಸಿ ಹಾಕುತ್ತಿದ್ದರು. ಅರ್ಧ ಇಂಚು ದಪ್ಪ, ಇಳಿಬಿಸಿಯ ಓವನ್ನಿನಲ್ಲಿ 15ರಿಂದ 20 ನಿಮಿಷ, ಮೂರು ವಾರ ಚೆನ್ನಾಗಿರುತ್ತದೆ ಎಂದು ಬರೆದಿದ್ದಾರೆ. ನಾನು ಎಲ್ಲವನ್ನೂ ಕಾಲು ಭಾಗಕ್ಕೆ ಇಳಿಸಿ, ಸೋಡಾ ಹಾಕಿ ಮಾಡಿದೆ. ಬೆಣ್ಣೆ ಕಡಿಮೆಯಾದ್ದರಿಂದ ಗಟ್ಟಿ. ಆದರೆ ಎರಡನೆಯ ದಿನ ಡಬ್ಬಿ ತೆಗೆದರೆ ಕಿತ್ತಳೆ ಸಿಪ್ಪೆಯಂಥ ಪರಿಮಳ. ಇನ್ನೂರು ವರ್ಷ ಹಿಂದಿನ, ಕಡಲಾಚೆಯ ಹೆಂಗಸಿನ ಬಿಸ್ಕತ್ತು ಚಿತ್ರದುರ್ಗದ ನನ್ನ ಅಡುಗೆಮನೆಯಲ್ಲಿ ಮೊದಲ ಬಾರಿಗೇ ಸರಿಯಾಗಿ ಬಂತು. ನನ್ನದೇ ಮನೆಯ ಅತ್ತೆಯ ಬಿಸ್ಕತ್ತು ಐದು ಬಾರಿ ಕೆಟ್ಟಿತು. ಪೌಂಡು ಎಂದರೆ ಎಷ್ಟೆಂದು ತಿಳಿದಿತ್ತು, ಸೇರು ಎಂದರೆ ಎಷ್ಟೆಂದು ತಿಳಿದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ಆ ಹೆಂಗಸು ಇಳಿಬಿಸಿಯ ಓವನ್ ಎಂದು ಬರೆದಿದ್ದಾರೆ ಎಂದು ನೀವೇ ಹೇಳಿದಿರಿ ಮೇಡಂ. ಡಿಗ್ರಿ ಬರೆದಿಲ್ಲ. ನಾನು ಮೊದಲು ಹೇಳಿದ್ದು ಅದನ್ನೇ.

ಹರಪನಹಳ್ಳಿಯ ತವರು

ನೀವೆಲ್ಲ ಮೈಸೂರು ಸೀಮೆಯ ಸೇರನ್ನೇ ಸೇರು ಎಂದುಕೊಂಡಿದ್ದೀರಿ. ನಮ್ಮ ಹರಪನಹಳ್ಳಿ 1953ರವರೆಗೆ ಬಳ್ಳಾರಿ ಜಿಲ್ಲೆಯ ಜೊತೆ ಮದ್ರಾಸಿಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನನ್ನ ತಾಯಿ ತವರಿನಿಂದ ತಂದ ಸೇರಿಗೂ ದಾವಣಗೆರೆಯ ಅತ್ತೆಮನೆಯ ಸೇರಿಗೂ ಒಂದು ಹಿಡಿಯಷ್ಟು ವ್ಯತ್ಯಾಸವಿತ್ತು. ಆ ಒಂದು ಹಿಡಿಗಾಗಿ ಹೊಸ ಸೊಸೆ ಅಕ್ಕಿ ಕದ್ದಳು ಎಂಬ ಮಾತು ಕೇಳಿ ಅವರು ಒಂದು ವಾರ ಊಟ ಬಿಟ್ಟಿದ್ದರು. ತಾಯಿಯ ತವರು ಯಾವುದೆಂದು ಕೇಳದೆ ಇಷ್ಟೇ ಗ್ರಾಂ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ಕನ್ನಡ ಉಪನ್ಯಾಸಕ, ಹಿರಿಯೂರು

ಇದೇ ನನ್ನ ವಾದ. ಒಂದು ಹಿಡಿಯ ಹಿಂದೆ ಇಷ್ಟು ಕಥೆಯಿದೆ. ಅದನ್ನು ಇಷ್ಟು ಗ್ರಾಂ ಎಂದು ಬರೆದರೆ ಎಲ್ಲವೂ ಅಳಿಸಿಹೋಗುತ್ತದೆ.

ನಿವೃತ್ತ ಶಿಕ್ಷಕಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಆ ತಾಯಿ ಒಂದು ವಾರ ಊಟ ಬಿಟ್ಟದ್ದು ಅಳತೆ ಒಂದೇ ಇರಲಿಲ್ಲವೆಂದು ಸರ್. ನಿಮಗೆ ಅದು ಕಥೆ, ಅವರಿಗೆ ಹಸಿವು.

ಮಂಡಿಪೇಟೆಯ ತಕ್ಕಡಿ, ದಾವಣಗೆರೆ

ನಮ್ಮದು ಮೂರು ತಲೆಮಾರಿನ ಮಂಡಿ. ತಾತನ ಕಾಲದ ತೂಕದ ಬಟ್ಟುಗಳನ್ನು ನಾನು ಎಣ್ಣೆ ಹಚ್ಚಿ ಇಟ್ಟಿದ್ದೇನೆ, ಆದ್ದರಿಂದ ಈ ವಿಷಯ ಗಟ್ಟಿಯಾಗಿ ಹೇಳಬಲ್ಲೆ. ಎಲ್ಲರೂ ಎಡವಿರುವುದು ಒಂದೇ ಕಲ್ಲಿಗೆ. ಆ ಪುಟದಲ್ಲಿ ಎರಡು ಬಾರಿ ಬಂದಿರುವ ಸೇರು ಒಂದೇ ಸೇರಲ್ಲ. ಕಾಳು, ಅಕ್ಕಿ, ಹಿಟ್ಟನ್ನು ಮನೆಗಳಲ್ಲಿ ಅಳತೆಯ ಸೇರಿನಿಂದ, ಅಂದರೆ ನಾಲ್ಕು ಪಾವಿನ ಪಾತ್ರೆಯಿಂದ ಅಳೆಯುತ್ತಿದ್ದರು. ಬೆಣ್ಣೆ, ತುಪ್ಪ, ಬೆಲ್ಲ, ಹುಣಸೆಹಣ್ಣು ತೂಕದ ಸೇರಿನ ಲೆಕ್ಕ. ಅದರಲ್ಲಿಯೂ ಎರಡು: ಪಕ್ಕಾ ಸೇರು 80 ತೊಲ, ಕಚ್ಚಾ ಸೇರು 24 ತೊಲ. ತೊಲ ಎಂದರೆ ಹಳೆಯ ಬೆಳ್ಳಿ ರೂಪಾಯಿಯ ತೂಕ, 11.66 ಗ್ರಾಂ. ಹಳ್ಳಿಯಿಂದ ಬೆಣ್ಣೆ ತಂದವರು ಮನೆ ಬಾಗಿಲಲ್ಲಿ ತೂಗಿ ಕೊಡುತ್ತಿದ್ದುದು ಕಚ್ಚಾ ಸೇರು, ಅಂದರೆ 280 ಗ್ರಾಂ. ಮೆಟ್ರಿಕ್ ಕಾಯ್ದೆ ಆದದ್ದು 1956ರಲ್ಲಿ, ಹೊಸ ತೂಕಗಳು ಹಂತಹಂತವಾಗಿ ಬರತೊಡಗಿದ್ದು 1958ರ ಅಕ್ಟೋಬರಿನಿಂದ. 1959ರಲ್ಲಿ ಮದುವೆಯಾಗಿ ಬಂದ ಹೆಣ್ಣುಮಗಳ ಕೈಯಲ್ಲಿ ಕಿಲೋ ಇನ್ನೂ ಪಳಗಿರಲಿಲ್ಲ. ನಮ್ಮ ತಾತ ಆ ವರ್ಷಗಳಲ್ಲಿ ಹಳೆಯ ಬಟ್ಟುಗಳನ್ನೂ ಹೊಸವನ್ನೂ ಎರಡು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅಳತೆ ಬದಲಾದುದರಿಂದ ಮೋಸ ಮಾಡುತ್ತಾನೆಂದು ಬಂಧುಗಳೇ ಅವರ ಅಂಗಡಿ ಹತ್ತುವುದನ್ನು ಬಿಟ್ಟರು ಎಂಬುದು ನಮ್ಮ ಮನೆಯಲ್ಲಿ ಇನ್ನೂ ಆರದ ಗಾಯ.

ತಾಯಿಯವರ ಪಾವು ಮನೆಯಲ್ಲಿ ಎಲ್ಲಾದರೂ ಇದ್ದೀತು, ಹುಡುಕಿ. ಹರಪನಹಳ್ಳಿಯ ಅಕ್ಕ ಹೇಳಿದ್ದು ಅಳತೆಯ ಸೇರಿಗೆ ಸರಿಯಾದ ಮಾತು. ಆ ಪಾತ್ರೆ ಸಿಗದೆ ಹಿಟ್ಟಿನ ಲೆಕ್ಕ ಹೇಳಲಾಗದು.

ನಿವೃತ್ತ ಶಿಕ್ಷಕಿ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಈ ಮಾತನ್ನು 2019ರಲ್ಲಿ ಯಾರಾದರೂ ಹೇಳಿದ್ದರೆ! ಅತ್ತೆಯ ತಾಮ್ರದ ಸೇರನ್ನು ನಾನು ಹಳೇ ಪಾತ್ರೆಯವನಿಗೆ ಹಾಕಿ ಸ್ಟೀಲಿನ ಡಬ್ಬಿ ತಂದೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ಲೆಕ್ಕ ಸಿಕ್ಕ ಮೇಲೂ ಕೈ ತಪ್ಪಿದರೆ ಕೆಡುತ್ತದೆ, ಅದಕ್ಕೇ ಹೇಳುತ್ತೇನೆ. ಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಯನ್ನು ತೊಳೆದು ಬಟ್ಟೆಯ ಮೇಲೆ ಒಂದು ಗಂಟೆ ಆರಿಸಿ ಹೆಚ್ಚಿ. ಹಸಿ ನೀರು ಹಿಟ್ಟಿಗೆ ಸೇರಿದರೆ ಮೊಸರಿನ ಅಂದಾಜು ತಪ್ಪುತ್ತದೆ. ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಿ, ಅಂಗೈ ತಾಗಿಸಬೇಡಿ, ಅಂಗೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ಮೊಸರು ಹಾಕಿದ ಮೇಲೆ ಕೂಡಿಸಬೇಕು, ಚಪಾತಿ ಹಿಟ್ಟಿನಂತೆ ನಾದಿದರೆ ಮೈದಾದ ಜಿಗುಟು ಎದ್ದು ಬಿಸ್ಕತ್ತು ಬಿರುಸಾಗುತ್ತದೆ. ಕಾಲು ಇಂಚು ದಪ್ಪ ಲಟ್ಟಿಸಿ, ಮೇಲೆ ಫೋರ್ಕಿನಿಂದ ಚುಚ್ಚಿ. ಹೊಸದುರ್ಗದ ತಂಗಿಗೆ ಕೇಳುತ್ತಿದೆಯೇ, ಈ ಸಲ ದಪ್ಪವನ್ನೂ ಹೇಳಿದ್ದೇನೆ.

ಸಿರಿಧಾನ್ಯದ ಮನೆ, ಹೊಸದುರ್ಗ

ಕೇಳಿಸಿತು ಅಣ್ಣ. ನವಣೆಗೆ ಎಷ್ಟು ದಪ್ಪ ಎಂಬುದನ್ನೂ ಬರೆಯಿರಿ. ನಾನು ವ್ಯಾಪಾರ ಬಿಟ್ಟಿದ್ದೇನೆ, ಬಿಸ್ಕತ್ತು ಬಿಟ್ಟಿಲ್ಲ.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ನವಣೆಯನ್ನು ನಾನು ಮಾಡಿದವನಲ್ಲ. ಮಾಡದೆ ಹೇಳುವುದಿಲ್ಲ.

ವಿದ್ಯಾನಗರದ ಮಗಳು, ದಾವಣಗೆರೆ

ಎಲ್ಲರಿಗೂ ಋಣಿ. ತಾಯಿಯ ತವರು ಹೊಳಲ್ಕೆರೆ ಕಡೆಯ ಹಳ್ಳಿ. ಪಾವು ಅಟ್ಟದ ಮೇಲೆ, ಅರಿಶಿನ ಕುಂಕುಮದ ಹಳೆಯ ಪೆಟ್ಟಿಗೆಯೊಳಗೆ ಸಿಕ್ಕಿತು. ಹಿತ್ತಾಳೆಯದು, ಬಾಯಂಚು ಒಂದು ಕಡೆ ನಗ್ಗಿದೆ. ಜರಡಿ ಹಿಡಿದ ಮೈದಾ ತುಂಬಿ ಮೇಲೆ ಕೈಯಾಡಿಸಿ ತೂಗಿದರೆ 148 ಗ್ರಾಂ, ಕುಟ್ಟಿ ತುಂಬಿದರೆ 181. ಅಮ್ಮ ಹಿಟ್ಟನ್ನು ಜರಡಿ ಹಿಡಿಯದೆ ಮುಟ್ಟಿದವರೇ ಅಲ್ಲ, ಆದ್ದರಿಂದ 148 ಎಂದೇ ಹಿಡಿದೆ. ನಾಲ್ಕು ಪಾವಿಗೆ 592 ಗ್ರಾಂ ಮೈದಾ, ಕಚ್ಚಾ ಸೇರಿನಂತೆ 280 ಗ್ರಾಂ ಬೆಣ್ಣೆ. ಇದನ್ನು 250 ಗ್ರಾಂ ಮೈದಾಗೆ ಇಳಿಸಿ ನೋಡಿದರೆ ಬೆಣ್ಣೆ 118 ಗ್ರಾಂ ಬರುತ್ತದೆ. ಶಿಕ್ಷಕಿ ಮೇಡಂ ಆರನೆಯ ಬಾರಿಗೆ ಕಂಡುಕೊಂಡದ್ದು 120.

ನಿನ್ನೆ ಸೋಡಾ ಹಾಕಿ ಕಲಸಿ, ಮೂರು ತಟ್ಟೆ ಮಾಡಿ, ನಮ್ಮ ಬಡಾವಣೆಯ ಬೇಕರಿಗೆ ಒಯ್ದೆ. ಮಧ್ಯಾಹ್ನ ಬನ್ನು ಇಳಿಸಿದ ಮೇಲೆ ತಟ್ಟೆಗೆ 40 ರೂಪಾಯಿಯಂತೆ ಬೇಯಿಸಿಕೊಟ್ಟರು. ಮೊದಲ ತಟ್ಟೆ ಸ್ವಲ್ಪ ಹೆಚ್ಚು ಕೆಂಪಾಯಿತು, ಉಳಿದೆರಡು ಅಮ್ಮನ ಬಿಸ್ಕತ್ತಿನಂತೆಯೇ ಇದ್ದವು; ಅಣ್ಣ ಒಂದನ್ನು ಬಾಯಿಗಿಟ್ಟು ಮಾತಾಡದೆ ಎದ್ದು ಹಿತ್ತಲಿಗೆ ಹೋದ. ಪುಸ್ತಕದಲ್ಲಿ ಎಡಪುಟಕ್ಕೆ ಅಮ್ಮನ ಕೈಬರಹದ ಚಿತ್ರವನ್ನೂ ಬಲಪುಟಕ್ಕೆ ಗ್ರಾಮಿನ ಲೆಕ್ಕವನ್ನೂ ಹಾಕಿಸುತ್ತಿದ್ದೇನೆ. ಭಟ್ಟಿಗೆ ಮೈದಾ ಎರಚಿ ನೋಡುವ ಕ್ರಮವನ್ನೂ ಬಲಪುಟದಲ್ಲಿ ಬರೆಯಲು ಚೌಕಿಪೇಟೆಯ ಅಣ್ಣನವರು ಒಪ್ಪಿಗೆ ಕೊಡಬೇಕು.

ಭಟ್ಟಿ ಮುಂದೆ 26 ವರ್ಷ, ಚೌಕಿಪೇಟೆ, ದಾವಣಗೆರೆ

ಬರೆಯಿರಿ ತಾಯಿ. ಇನ್ನೊಂದು ಸಾಲು ಸೇರಿಸಿ: ಭಟ್ಟಿಯಿಂದ ಬಂದದ್ದನ್ನು ಬಿಸಿಯಿರುವಾಗ ಡಬ್ಬಿಗೆ ತುಂಬಬಾರದು, ಬಿದಿರಿನ ಮೊರದಲ್ಲಿ ಹರಡಿ ಪೂರ್ತಿ ತಣ್ಣಗಾಗಲು ಬಿಡಬೇಕು.